ಒಂದನೇ ತರಗತಿಗೆ ಮೂರು ಭಾಷೆ: ಪುಣೆಯ ಚರ್ಚೆಯಲ್ಲಿ ಕಾಣದೇ ಹೋದ ಜತ್ತ, ಅಕ್ಕಲಕೋಟದ ಕನ್ನಡ ಮಕ್ಕಳು

ಒಂದನೇ ತರಗತಿ ಮಗುವಿಗೆ ಎಷ್ಟು ಭಾಷೆ ಕಲಿಸಬೇಕು? 2025ರಲ್ಲಿ ಮಹಾರಾಷ್ಟ್ರದ ರಾಜಕೀಯವನ್ನು ಎರಡೂವರೆ ತಿಂಗಳು ಅಲ್ಲಾಡಿಸಿದ್ದು ಇದೇ ಪ್ರಶ್ನೆ. ಮರಾಠಿ ಮತ್ತು ಇಂಗ್ಲಿಷ್ ಮಾಧ್ಯಮ ಶಾಲೆಗಳಲ್ಲಿ 1ರಿಂದ 5ನೇ ತರಗತಿವರೆಗೆ ಹಿಂದಿ ಮೂರನೇ ಭಾಷೆಯಾಗಿ ಕಡ್ಡಾಯ ಎಂದು ಏಪ್ರಿಲ್ 16ರಂದು ಸರ್ಕಾರ ಆದೇಶ ಹೊರಡಿಸಿತು. ವಿರೋಧ ಜೋರಾದಾಗ ಜೂನ್ 17ರಂದು ಆದೇಶವನ್ನು ತಿದ್ದಿ 'ಸಾಮಾನ್ಯವಾಗಿ ಹಿಂದಿ' ಎಂದಿತು. ಬೇರೆ ಭಾಷೆ ಬೇಕಿದ್ದರೆ ತರಗತಿಯಲ್ಲಿ ಕನಿಷ್ಠ 20 ಮಕ್ಕಳು ಕೇಳಬೇಕು ಎಂಬ ಷರತ್ತನ್ನೂ ಹಾಕಿತು. ಕೊನೆಗೆ ಜೂನ್ 29ರಂದು ಎರಡೂ ಆದೇಶ ವಾಪಸ್. ವಿಷಯ ಅರ್ಥಶಾಸ್ತ್ರಜ್ಞ ನರೇಂದ್ರ ಜಾಧವ್ ಅಧ್ಯಕ್ಷತೆಯ ಸಮಿತಿಯ ಪಾಲಾಯಿತು.

ಠಾಕ್ರೆ ಸಹೋದರರು ಒಂದೇ ವೇದಿಕೆಗೆ ಬಂದದ್ದೇ ದೊಡ್ಡ ಸುದ್ದಿಯಾಯಿತು. ಆದರೆ ಈ ವಿವಾದದಲ್ಲಿ ರಾಜಕೀಯಕ್ಕಿಂತ ಗಟ್ಟಿಯಾದ ವಾದವೊಂದಿತ್ತು. ಆರು ವರ್ಷದ ಮಗು ಮೊದಲು ತನ್ನ ಭಾಷೆಯಲ್ಲಿ ಓದಲು, ಬರೆಯಲು ಕಲಿಯಲಿ, ಮೂರನೆಯದು ಆಮೇಲೆ ಬರಲಿ ಎಂಬ ವಾದವದು. ರಾಜ್ಯ ಸರ್ಕಾರದ್ದೇ ಭಾಷಾ ಸಲಹಾ ಸಮಿತಿ ಕೂಡ ಹಿಂದಿ ಕಡ್ಡಾಯವನ್ನು ವಿರೋಧಿಸಿತ್ತು. ರಾಷ್ಟ್ರೀಯ ಶಾಲಾ ಪಠ್ಯಕ್ರಮ ಚೌಕಟ್ಟು 2023 ಸಹ ಮೂರನೇ ಭಾಷೆಗೆ ಜಾಗ ಕೊಟ್ಟಿರುವುದು 6ನೇ ತರಗತಿಯಿಂದ ಶುರುವಾಗುವ ಮಾಧ್ಯಮಿಕ ಹಂತದಲ್ಲಿ.

ಇಲ್ಲಿಯವರೆಗೆ ಎಲ್ಲ ಸರಿ. ಆದರೆ ಏಪ್ರಿಲ್ ಆದೇಶದಲ್ಲಿ ಹೆಚ್ಚು ಜನ ಗಮನಿಸದ ಅಂಶವೊಂದಿತ್ತು. ಬೇರೆ ಮಾಧ್ಯಮದ ಶಾಲೆಗಳಲ್ಲಿ ಮಾಧ್ಯಮ ಭಾಷೆ, ಮರಾಠಿ, ಇಂಗ್ಲಿಷ್ ಹೀಗೆ ಮೂರು ಭಾಷೆ ಈಗಾಗಲೇ ಜಾರಿಯಲ್ಲಿದೆ ಎಂಬುದು. ಅಂದರೆ ಸಾಂಗ್ಲಿ ಜಿಲ್ಲೆಯ ಜತ್ತ, ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟ ಭಾಗದ ಕನ್ನಡ ಶಾಲೆಯ ಮಗು ಮೊದಲ ವರ್ಷದಿಂದಲೇ ಮೂರು ಭಾಷೆ ಹೊತ್ತಿದೆ. ಹಿಂದಿ ಆದೇಶ ವಾಪಸಾದ ಮೇಲೂ ಆ ಮಗುವಿನ ಚೀಲದಿಂದ ಒಂದು ಪುಸ್ತಕವೂ ಕಡಿಮೆಯಾಗಲಿಲ್ಲ.

ಪುಸ್ತಕ ಬರುವುದು ಪುಣೆಯಿಂದ

ಜತ್ತದ ಮಕ್ಕಳ ಮಾತಿಗೂ ಪುಣೆಗೂ ಏನು ಸಂಬಂಧ ಎನ್ನಬಹುದು. ಸಂಬಂಧ ನೇರವಾಗಿಯೇ ಇದೆ. ಮಹಾರಾಷ್ಟ್ರದ ಶಾಲೆಗಳ ಪಠ್ಯಕ್ರಮ, ಶಿಕ್ಷಕರ ತರಬೇತಿ ಎಲ್ಲವೂ ರೂಪುಗೊಳ್ಳುವುದು ಪುಣೆಯ ಸದಾಶಿವ ಪೇಟೆಯಲ್ಲಿರುವ ರಾಜ್ಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತಿನಲ್ಲಿ. ಪಠ್ಯಪುಸ್ತಕ ತಯಾರಾಗುವುದು ಸೇನಾಪತಿ ಬಾಪಟ್ ರಸ್ತೆಯ ಬಾಲಭಾರತಿಯಲ್ಲಿ. 1967ರಲ್ಲಿ ಆರಂಭವಾದ ಈ ಸಂಸ್ಥೆ ಮರಾಠಿ ಮಾತ್ರವಲ್ಲ, ಉರ್ದು, ಗುಜರಾತಿ, ಕನ್ನಡ ಸೇರಿದಂತೆ ಹಲವು ಭಾಷೆಗಳಲ್ಲಿ ಪುಸ್ತಕ ಹೊರತರುತ್ತದೆ. ಗಡಿಯಾಚೆ ವಿಜಯಪುರದ ಮಗು ಬೆಂಗಳೂರಿನ ಪುಸ್ತಕ ಓದಿದರೆ, ಈಚೆ ಜತ್ತದ ಮಗುವಿನ ಕನ್ನಡ ಪುಸ್ತಕ ಪುಣೆಯದು.

ಮೊದಲ ವರ್ಷದ ಚಟುವಟಿಕೆಗಳ ಬಗ್ಗೆ ಮಹಾರಾಷ್ಟ್ರ ಕೆಲಸ ಮಾಡಿಲ್ಲ ಎನ್ನುವಂತಿಲ್ಲ. 2022ರಲ್ಲಿ ರಾಜ್ಯಾದ್ಯಂತ ನಡೆದ 'ಪಹಿಲೇ ಪಾವೂಲ್', ಅಂದರೆ 'ಮೊದಲ ಹೆಜ್ಜೆ' ಅಭಿಯಾನ ಒಳ್ಳೆಯ ಪ್ರಯತ್ನವೇ. ಒಂದನೇ ತರಗತಿಗೆ ಸೇರುವ ಮಕ್ಕಳಿಗಾಗಿ ಶಾಲೆಯಲ್ಲಿ ಮೇಳ ನಡೆಯುತ್ತದೆ. ನೋಂದಣಿಯಿಂದ ಹಿಡಿದು ದೇಹ, ಬುದ್ಧಿ, ಭಾವನೆ, ಭಾಷೆ, ಲೆಕ್ಕದ ತಯಾರಿ, ಪೋಷಕರಿಗೆ ಮಾರ್ಗದರ್ಶನದವರೆಗೆ ಏಳು ಮೇಜು. ಮಗು ಒಂದೊಂದು ಮೇಜಿನ ಬಳಿ ಆಡುತ್ತಾ ಸಾಗುತ್ತದೆ. ಮನೆಯಲ್ಲಿ ಅದನ್ನೇ ಮುಂದುವರಿಸಲು ಓಣಿಯ ತಾಯಂದಿರ ಗುಂಪು ಕಟ್ಟಲಾಗುತ್ತದೆ.

ಕೇಂದ್ರದ ಮಟ್ಟದಲ್ಲಿ ಇದೇ ಆಲೋಚನೆಯ ಹೆಸರು 'ವಿದ್ಯಾ ಪ್ರವೇಶ'. 2021ರ ಜುಲೈ 29ರಂದು ಪ್ರಧಾನಿ ಬಿಡುಗಡೆ ಮಾಡಿದ ಈ ಕಾರ್ಯಕ್ರಮದ ಪ್ರಕಾರ ಒಂದನೇ ತರಗತಿಯ ಮೊದಲ ಮೂರು ತಿಂಗಳು ಆಟದ ಮೂಲಕವೇ ಕಲಿಕೆ. ಅಂಗನವಾಡಿಗೆ ಹೋದ ಮಗುವೂ ಹೋಗದ ಮಗುವೂ ಒಂದೇ ಮಟ್ಟಕ್ಕೆ ಬರಲಿ ಎಂಬುದು ಉದ್ದೇಶ.

ಚಪ್ಪಾಳೆಯ ಲೆಕ್ಕ

ಈ ಚಟುವಟಿಕೆಗಳು ದೊಡ್ಡವರ ಕಣ್ಣಿಗೆ ಟೈಂಪಾಸ್‌ನಂತೆ ಕಾಣುತ್ತವೆ. ಮಣ್ಣು ಕಲಸುವುದು, ಕಾಗದ ಹರಿದು ಅಂಟಿಸುವುದು, ಹುಣಸೆ ಬೀಜ ವಿಂಗಡಿಸುವುದು, ಎಲೆಗಳನ್ನು ಚಿಕ್ಕದು ದೊಡ್ಡದು ಎಂದು ಜೋಡಿಸುವುದು. ಆದರೆ ಪೆನ್ಸಿಲ್ ಹಿಡಿಯುವ ಬೆರಳಿಗೆ ಬಲ ಬರುವುದು ಮಣ್ಣು ಕಲಸಿದಾಗಲೇ. ಬೀಜ ವಿಂಗಡಿಸಿದ ಮಗುವಿಗೆ ಎಣಿಕೆ ಸುಲಭ.

ಇವುಗಳಲ್ಲಿ ಭಾಷೆಯ ಚಟುವಟಿಕೆಗಳೇ ಸೂಕ್ಷ್ಮ. ಉದಾಹರಣೆಗೆ, ಪದವನ್ನು ಬಿಡಿಸಿ ಚಪ್ಪಾಳೆ ತಟ್ಟುವ ಆಟ. ಬಾ-ಳೆ-ಹ-ಣ್ಣು, ನಾಲ್ಕು ಚಪ್ಪಾಳೆ. 'ಕ' ಎಂದಾಗ ಕಪ್ಪೆ, ಕಡಲೆ, ಕತ್ತರಿ ನೆನಪಿಸಿಕೊಳ್ಳುವುದು ಇನ್ನೊಂದು ಆಟ. ಮಾತು ಶಬ್ದಗಳಾಗಿ ಒಡೆಯುತ್ತದೆ, ಶಬ್ದಕ್ಕೊಂದು ಅಕ್ಷರ ಇದೆ ಎಂಬುದು ಮಗುವಿಗೆ ಹೊಳೆಯುವುದು ಇಲ್ಲೇ. ಆದರೆ ಅದು ಹೊಳೆಯಬೇಕಾದರೆ ಪದ ಮೊದಲೇ ಬಾಯಲ್ಲಿರಬೇಕು. ಅದೇ ಆಟವನ್ನು ಕನ್ನಡ ಮನೆಯ ಮಗುವಿನ ಮುಂದೆ ಮರಾಠಿಯಲ್ಲಿ ಆಡಿಸಿ ನೋಡಿ. ಮರಾಠಿಯಲ್ಲಿ ಬಾಳೆಹಣ್ಣಿಗೆ 'ಕೇಳ' ಎನ್ನುತ್ತಾರೆ. ಕನ್ನಡದ ಕಿವಿಗೆ ಅದು 'ಕೇಳು' ಎಂದಂತೆ! ಮರಾಠಿಯಲ್ಲಿ ಚಮಚ ಪುಲ್ಲಿಂಗ, ಕುರ್ಚಿ ಸ್ತ್ರೀಲಿಂಗ, ಪುಸ್ತಕ ನಪುಂಸಕ ಲಿಂಗ. ಕನ್ನಡದ ಮಗುವಿಗೆ ಮೂರೂ 'ಅದು'.

ಲಿಪಿಯ ಭಾರ ಇನ್ನೂ ಹೆಚ್ಚು. ಮರಾಠಿ ಶಾಲೆಯ ಮಗು ಹಿಂದಿಯನ್ನೂ ಕಲಿತಿದ್ದರೆ ಭಾಷೆ ಮೂರಾದರೂ ಲಿಪಿ ಎರಡೇ ಆಗುತ್ತಿತ್ತು, ಏಕೆಂದರೆ ಮರಾಠಿ, ಹಿಂದಿ ಎರಡಕ್ಕೂ ದೇವನಾಗರಿ. ಕನ್ನಡ ಶಾಲೆಯ ಮಗುವಿಗೆ ಮಾತ್ರ ಕನ್ನಡ, ದೇವನಾಗರಿ, ರೋಮನ್ ಹೀಗೆ ಮೂರಕ್ಕೆ ಮೂರೂ ಬೇರೆ. ಕನ್ನಡದಲ್ಲಿ 'ಎ' ಮತ್ತು 'ಏ' ಬೇರೆ ಬೇರೆ ಎಂದು ಆಗಷ್ಟೇ ಕಲಿತ ಮಗುವಿಗೆ ಮರಾಠಿ ಬರವಣಿಗೆಯಲ್ಲಿ ಆ ವ್ಯತ್ಯಾಸವೇ ಸಿಗುವುದಿಲ್ಲ.

ಮಹಾರಾಷ್ಟ್ರದಲ್ಲಿ ಬದುಕುವವರಿಗೆ ಮರಾಠಿ ಬೇಕು, ಇದರಲ್ಲಿ ಎರಡು ಮಾತಿಲ್ಲ. ಗಡಿಭಾಗದ ಬಹಳಷ್ಟು ಕುಟುಂಬಗಳು ಸಂತೆಯಲ್ಲಿ, ಬಸ್ಸಿನಲ್ಲಿ ಅದನ್ನು ಆಡುತ್ತಲೇ ಇವೆ. 2020ರ ಕಾಯ್ದೆ ಎಲ್ಲ ಮಾಧ್ಯಮದ ಶಾಲೆಗಳಲ್ಲೂ ಮರಾಠಿಯನ್ನು ಕಡ್ಡಾಯ ಮಾಡಿತು. 2000ದಿಂದ ಇಂಗ್ಲಿಷ್ ಒಂದನೇ ತರಗತಿಗೇ ಬಂದಿದೆ. ಎರಡೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕಾರಣಕ್ಕೆ ಆದ ತೀರ್ಮಾನ. ಎರಡೂ ಸೇರಿದಾಗ ಆರು ವರ್ಷದ ಮಗುವಿನ ದಿನದಲ್ಲಿ ಆಟಕ್ಕೆ ಎಷ್ಟು ಹೊತ್ತು ಉಳಿಯುತ್ತದೆ ಎಂಬ ಲೆಕ್ಕ ಈ ಚರ್ಚೆಯಲ್ಲಿ ಬರಲೇ ಇಲ್ಲ. ಹಿಂದಿ ವಿಷಯದಲ್ಲಿ ಮಾತ್ರ ಅದು ಥಟ್ಟನೆ ನೆನಪಾಯಿತು.

ಕರ್ನಾಟಕ ಬೆರಳು ತೋರುವ ಮುನ್ನ

ಇದೇ ಮಾತನ್ನು ಬೆಳಗಾವಿಗೂ ಹೇಳಬೇಕಾಗುತ್ತದೆ. ಕರ್ನಾಟಕದ ಕನ್ನಡ ಭಾಷಾ ಕಲಿಕಾ ಕಾಯ್ದೆ 2015ರ ಪ್ರಕಾರ ಎಲ್ಲ ಶಾಲೆಗಳಲ್ಲೂ 1ನೇ ತರಗತಿಯಿಂದ ಕನ್ನಡ ಪ್ರಥಮ ಅಥವಾ ದ್ವಿತೀಯ ಭಾಷೆ. ಹೀಗಾಗಿ ಬೆಳಗಾವಿಯ ಮರಾಠಿ ಶಾಲೆಯ ಮಗುವಿನ ಚೀಲದಲ್ಲೂ ಮರಾಠಿ, ಕನ್ನಡ, ಇಂಗ್ಲಿಷ್ ಇವೆ. ಜತ್ತದ ಮಗುವಿನ ಕನ್ನಡಿ ಪ್ರತಿಬಿಂಬ ಎನ್ನಬಹುದು.

ಆದರೂ ಕರ್ನಾಟಕದ ಬಳಿ ಕೊಡಲು ಒಂದು ಅನುಭವ ಇದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ಚಿಗುರಿದ 'ನಲಿಕಲಿ' 2009ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಕಲಿಕಾ ಏಣಿ, ಕಾರ್ಡು, ನೆಲದ ಮೇಲೆ ಗುಂಪು ಗುಂಪಾಗಿ ಕೂರುವ 'ತಟ್ಟೆ'ಗಳು, ಮಕ್ಕಳು ಮಾಡಿದ್ದನ್ನು ತೂಗುಹಾಕುವ ಚಪ್ಪರ. ಮೊದಲ ಗುಂಪಿಗೆ ಶಿಕ್ಷಕರ ಪೂರ್ಣ ನೆರವು, ಕೊನೆಯ ಗುಂಪಿನ ಮಕ್ಕಳು ತಾವೇ ಕಲಿಯುತ್ತಾರೆ. ಮೂರು ತರಗತಿಗಳನ್ನು ಒಬ್ಬರೇ ನೋಡಿಕೊಳ್ಳುವ ಕಡೆ ಇದು ಸೊರಗಿದೆ ಎಂಬ ಟೀಕೆಯೂ ಇದೆ. ಆದರೆ ಕನ್ನಡದಲ್ಲೇ ಯೋಚಿಸಿ ಮಾಡಿದ ಚಟುವಟಿಕೆಗಳ ದೊಡ್ಡ ಭಂಡಾರ ಇದು. ಜತ್ತದ ಶಾಲೆಗೆ ಅದು ಕೆಲವೇ ಕಿಲೋಮೀಟರ್ ದೂರ.

ಕಾರ್ಡು ಗಡಿ ದಾಟಬಹುದು. ಅದನ್ನು ಆಡಿಸುವ ಶಿಕ್ಷಕರಿಗೆ ಕನ್ನಡ ಬರಬೇಕಲ್ಲ? ಜತ್ತ ಭಾಗದ ಕನ್ನಡ ಶಾಲೆಗಳಿಗೆ ಮರಾಠಿ ಶಿಕ್ಷಕರನ್ನು ಹಾಕಲಾಗುತ್ತಿದೆ ಎಂಬ ದೂರು ಇತ್ತೀಚಿನ ವರ್ಷಗಳಲ್ಲಿ ಕೇಳಿಬಂದಿದೆ. ಕಾಸರಗೋಡಿನಲ್ಲಿ ಮಲಯಾಳಿ ಶಿಕ್ಷಕರ ನೇಮಕದ ವಿರುದ್ಧ ಕನ್ನಡ ಮಕ್ಕಳ ಪೋಷಕರು ಹೋರಾಡಿದ್ದೂ ಇದೇ ಕಾರಣಕ್ಕೆ. ಹತ್ತನೇ ತರಗತಿಯಲ್ಲಾದರೆ ಮಕ್ಕಳು ಗೈಡ್ ಓದಿ ಹೇಗೋ ನಿಭಾಯಿಸಿಯಾರು. ಒಂದನೇ ತರಗತಿಯಲ್ಲಿ ಶಿಕ್ಷಕರ ಮಾತೇ ಪಠ್ಯ.

ಕಲಿಕೆ ಹಿಂದೆ ಬಿದ್ದರೆ ಏನಾಗುತ್ತದೆ ಎಂಬುದಕ್ಕೆ ದೇಶದ ಚಿತ್ರ ಕಣ್ಣ ಮುಂದಿದೆ. 2024ರ ಅಸರ್ ವರದಿ ಪ್ರಕಾರ ಗ್ರಾಮೀಣ ಸರ್ಕಾರಿ ಶಾಲೆಗಳ 3ನೇ ತರಗತಿ ಮಕ್ಕಳಲ್ಲಿ 2ನೇ ತರಗತಿಯ ಪಠ್ಯ ಓದಬಲ್ಲವರು ಶೇ 23.4 ಮಾತ್ರ. 2022ರ ಶೇ 16.3ಕ್ಕೆ ಹೋಲಿಸಿದರೆ ಇದು ಸುಧಾರಣೆಯೇ, ಆದರೂ ನಾಲ್ವರಲ್ಲಿ ಮೂವರಿಗೆ ಓದು ಬರುತ್ತಿಲ್ಲ. ಇವರಲ್ಲಿ ಬಹುಪಾಲು ಮಕ್ಕಳು ಶಾಲೆಯಲ್ಲಿ ಹೊತ್ತಿರುವುದು ಒಂದೋ ಎರಡೋ ಭಾಷೆ.

ಮಹಾರಾಷ್ಟ್ರ ಮಾಡಬಹುದಾದದ್ದು ದೊಡ್ಡದೇನಲ್ಲ. ಕನ್ನಡ, ಉರ್ದು, ಗುಜರಾತಿ ಶಾಲೆಗಳಲ್ಲಿ ಮೊದಲ ಎರಡು ವರ್ಷ ಮರಾಠಿಯನ್ನು ಹಾಡು, ಕಥೆ, ಮಾತುಕತೆಗೆ ಸೀಮಿತಗೊಳಿಸಿ, ಬರವಣಿಗೆಯನ್ನು ಮೂರನೇ ತರಗತಿಗೆ ಮುಂದೂಡಬಹುದು. ಬೆಳಗಾವಿಯ ಮರಾಠಿ ಶಾಲೆಗಳಲ್ಲಿ ಕನ್ನಡದ ವಿಷಯದಲ್ಲಿ ಕರ್ನಾಟಕವೂ ಇದನ್ನೇ ಮಾಡಬಹುದು. 'ಪಹಿಲೇ ಪಾವೂಲ್' ಮೇಳದ ಭಾಷಾ ಮೇಜಿಗೆ ಜತ್ತ, ಅಕ್ಕಲಕೋಟಗಳಲ್ಲಿ ಕನ್ನಡ ಚಿತ್ರಪಟ ಇಡಲು ಹೊಸ ಕಾಯ್ದೆಯಂತೂ ಬೇಕಿಲ್ಲ, ಬಾಲಭಾರತಿಯ ಕನ್ನಡ ವಿಭಾಗವೇ ಸಾಕು.