ರೇಡಿಯೇಟರಿಗೆ ಬೋರ್‌ವೆಲ್ ನೀರು, ಮನೆಗೆ ಸಾಲ



ಬೆಲೆ ಸಿಗಲಿಲ್ಲ ಅಂತ ಮಂಡಿ ಮುಂದೆ ನಿಂತು ಕೂಗುತ್ತೇವೆ. ಕೂಗಲೇಬೇಕು. ಆದರೆ ಮಂಡಿಗೆ ಮಾಲು ಹೊರುವ ಗಾಡಿ ನಮ್ಮ ಜೇಬಿಗೆ ಹಾಕುವ ಕತ್ತರಿಯನ್ನು ನಿಮ್ಮಲ್ಲಿ ಎಷ್ಟು ಜನ ಲೆಕ್ಕ ಬರೆದಿದ್ದೀರಿ?

ನಮ್ಮ ಕೋಲಾರದ ಕಡೆ ಹಳೆಯ ಮಾರುತಿ ಓಮ್ನಿ ವ್ಯಾನು ಇಲ್ಲದ ಊರಿಲ್ಲ. 1984ರಲ್ಲಿ ಬಂದ ಗಾಡಿ. 2019ರಲ್ಲಿ ತಯಾರಿಕೆ ನಿಂತಿತು. ಮೂರು ಸಿಲಿಂಡರಿನ 796 ಸಿ.ಸಿ. ಇಂಜಿನ್, ಅದೂ ಮುಂದಿನ ಸೀಟಿನ ಕೆಳಗೆ. ಅದರ ಮೇಲೆ ಟೊಮ್ಯಾಟೊ ಕ್ರೇಟುಗಳ ಭಾರ.

ಹೋದ ಬೇಸಿಗೆಯಲ್ಲಿ ನನ್ನ ವ್ಯಾನು ಮಾರ್ಕೆಟ್ ದಾರಿಯ ಏರಿನಲ್ಲಿ ಕುದಿಯಿತು. ಹರಾಜಿನ ಹೊತ್ತು ಮೀರಿತು, ಮಾಲು ಕೇಳಿದ ಬೆಲೆಗೆ ಹೋಯಿತು. ಒಂದು ಗ್ಯಾರೇಜಿನವರು ರೇಡಿಯೇಟರ್ ಮುಚ್ಚಳ ಕೂಡ ಬಿಚ್ಚದೆ, "ಇಂಜಿನ್ ಇಳಿಸಬೇಕು ಯಜಮಾನ್ರೇ, ಇಪ್ಪತ್ತೆಂಟು ಸಾವಿರ" ಅಂದರು. ಚೀಟಿ ಎತ್ತೋದೋ, ಒಡವೆ ಅಡವಿಡೋದೋ ಅಂತ ಮನೆಯಲ್ಲಿ ಮಾತು. ಅಷ್ಟರಲ್ಲಿ ಪಕ್ಕದೂರಿನ ಹಳೆಯ ಲಾರಿ ಡ್ರೈವರೊಬ್ಬರು, "ಮೊದಲು ನೀರಿನ ಬಣ್ಣ ನೋಡಣ್ಣ" ಅಂದರು. ನೋಡಿದರೆ ಕೆಮ್ಮಣ್ಣಿನ ಕೆಸರು! ಹಾಕಿದವನು ಬೇರೆ ಯಾರೂ ಅಲ್ಲ, ನಾನೇ. ಐದು ವರ್ಷ ಬೋರ್‌ವೆಲ್ ನೀರು ಸುರಿದಿದ್ದೆ.

ನಮ್ಮ ಬೋರ್ ನೀರು ಗಡಸು. ಪಾತ್ರೆಯಲ್ಲಿ ಕಾಯಿಸಿದರೆ ಬಿಳಿ ಪೊರೆ ಕಟ್ಟುವುದನ್ನು ಹೆಂಗಸರನ್ನು ಕೇಳಿ. ಅದೇ ಪೊರೆ ರೇಡಿಯೇಟರಿನ ಸಣ್ಣ ನಾಳಗಳಲ್ಲೂ ಕಟ್ಟುತ್ತದೆ. ಇಂಜಿನ್ ಬ್ಲಾಕು ಎರಕದ ಕಬ್ಬಿಣ, ತುಕ್ಕು ಬಿಡುತ್ತದೆ. ಹೆಡ್ಡು ಅಲ್ಯೂಮಿನಿಯಂ, ಹೆಚ್ಚು ಕಾದರೆ ಸೊಟ್ಟಗಾಗುತ್ತದೆ. ಆಮೇಲೆ ಗ್ಯಾಸ್ಕೆಟ್ ಹೋಯಿತು ಅಂತಲೇ ಲೆಕ್ಕ.

ಆದ್ದರಿಂದ ಗ್ಯಾರೇಜಿಗೆ ಹೋಗುವ ಮುಂಚೆ ನೀವೇ ನೋಡಿ. ಬಿಸಿ ಇರುವಾಗ ಮುಚ್ಚಳ ಮುಟ್ಟಬೇಡಿ. ಒತ್ತಡದಲ್ಲಿರುವ ನೀರು ನೂರು ಡಿಗ್ರಿ ದಾಟಿದರೂ ಕುದಿಯದೆ ಕಾದಿರುತ್ತದೆ, ಬಿಚ್ಚಿದ ಕೂಡಲೇ ಮುಖಕ್ಕೇ ಚಿಮ್ಮುತ್ತದೆ. ಕಾದ ಇಂಜಿನ್ನಿಗೆ ತಣ್ಣೀರು ಸುರಿಯಲೂ ಬೇಡಿ, ಹೆಡ್ಡು ಸೀಳುತ್ತದೆ.

ತಣ್ಣಗಾದ ಮೇಲೆ ಬಣ್ಣ ನೋಡಿ. ಕೆಂಪಗಿದ್ದರೆ ತುಕ್ಕು. ಹಾಲು ಹಾಕಿದ ಕಾಫಿಯಂತೆ ಜಿಡ್ಡು ತೇಲುತ್ತಿದ್ದರೆ ಆಯಿಲ್ ಬೆರೆತಿದೆ. ಆಯಿಲ್ ಕಡ್ಡಿ ಎಳೆದು ನೋಡಿ. ಅಲ್ಲೂ ಬೆಳ್ಳಗಿದ್ದರೆ ಗಾಡಿ ಸ್ಟಾರ್ಟ್ ಮಾಡಲೇಬೇಡಿ, ಕಟ್ಟಿ ಎಳೆದುಕೊಂಡು ಹೋಗಿ. ರೇಡಿಯೇಟರಿನಲ್ಲಿ ಬಿಡದೆ ಗುಳ್ಳೆ, ಸೈಲೆನ್ಸರಿನಲ್ಲಿ ನಿಲ್ಲದ ಬಿಳಿ ಹೊಗೆ ಬಂದರೆ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ.

ಯಾವಾಗ ಕಾಯುತ್ತದೆ ಅನ್ನುವುದೂ ಮುಖ್ಯ. ನಿಂತಾಗ ಮಾತ್ರ ಕಾದರೆ ಫ್ಯಾನು, ಅದರ ಫ್ಯೂಸು, ಸ್ವಿಚ್ಚು ನೋಡಿ. ಓಡುವಾಗ, ಏರಿನಲ್ಲಿ ಕಾದರೆ ನೀರು ಕಮ್ಮಿ ಇದೆ, ಇಲ್ಲವೇ ರೇಡಿಯೇಟರ್ ಕಟ್ಟಿದೆ. ಮುಳ್ಳು ಮೇಲೇರಿದ್ದರೂ ಮೇಲಿನ ಹೋಸ್ ಪೈಪು ತಣ್ಣಗಿದ್ದರೆ ಥರ್ಮೋಸ್ಟಾಟ್ ತೆರೆದಿಲ್ಲ. ಅದನ್ನು ಬಿಚ್ಚಿ ಒಲೆಯ ಮೇಲಿನ ನೀರಿನಲ್ಲಿ ಹಾಕಿ. ನೀರು ಕುದಿಯುವುದರೊಳಗೆ ಬಾಯಿ ಬಿಡಬೇಕು.

ನನ್ನದು ಬಾಯಿ ಬಿಡಲಿಲ್ಲ, ತುಕ್ಕಿನಲ್ಲಿ ಅಂಟಿಕೊಂಡಿತ್ತು. ಹೊಸದು ಹಾಕಿಸಿದೆ. ಹಳೇ ನೀರು ಬಿಟ್ಟು, ಹೊಸ ನೀರು ತುಂಬಿ, ಇಂಜಿನ್ ಓಡಿಸಿ, ತಣಿಸಿ ಮತ್ತೆ ಬಿಟ್ಟು, ತಿಳಿ ಬರುವ ತನಕ ತೊಳೆದೆವು. ಕಡೆಗೆ ಕೂಲೆಂಟಿಗೆ ಸಮಸಮ ಬ್ಯಾಟರಿ ನೀರು ಬೆರೆಸಿ ತುಂಬಿದೆವು. ಎರಡು ಸಾವಿರದೊಳಗೆ ಮುಗಿಯಿತು. ಒಂದು ಮಾತು ಮರೀಬೇಡಿ: ಕೂಲೆಂಟು ರುಚಿಗೆ ಸಿಹಿ, ಆದರೆ ವಿಷ. ಚೆಲ್ಲಿದ್ದನ್ನು ದನ, ನಾಯಿ ನೆಕ್ಕದ ಹಾಗೆ ನೋಡಿಕೊಳ್ಳಿ.

"ಥರ್ಮೋಸ್ಟಾಟ್ ಕಿತ್ತು ಬಿಸಾಕಿ, ತಣ್ಣಗೆ ಓಡುತ್ತೆ" ಅನ್ನುವವರಿದ್ದಾರೆ. ನಂಬಬೇಡಿ. ಇಂಜಿನ್ ಬೇಕಾದಷ್ಟು ಬಿಸಿಯಾಗದೆ ಪೆಟ್ರೋಲು ಹೆಚ್ಚು ಕುಡಿಯುತ್ತದೆ.

ಮೆಕ್ಯಾನಿಕ್ಕುಗಳೆಲ್ಲ ಕಳ್ಳರು ಅಂತ ನಾನು ಹೇಳುತ್ತಿಲ್ಲ. ಗ್ಯಾಸ್ಕೆಟ್ ನಿಜವಾಗಿ ಹೋಗಿದ್ದರೆ ಖರ್ಚು ಮಾಡಲೇಬೇಕು. ಆದರೆ ಎತ್ತು ಕೊಳ್ಳುವಾಗ ಹಲ್ಲು ಹಿಡಿದು ನೋಡುವ ನಾವು, ಇಪ್ಪತ್ತೆಂಟು ಸಾವಿರದ ಮಾತಿಗೆ ಯಾಕೆ ತಲೆಯಾಡಿಸಬೇಕು? ಏನು ಕೆಟ್ಟಿದೆ ಅಂತ ಕೇಳಿ. ಬಿಚ್ಚಿದ ಸಾಮಾನು ಕೈಗೆ ಇಸಕೊಳ್ಳಿ. ಮಾರ್ಕೆಟ್ಟಿನ ಬೆಲೆ ಇವತ್ತು ನಮ್ಮ ಕೈಲಿಲ್ಲ. ರೇಡಿಯೇಟರಿನ ಮುಚ್ಚಳವಾದರೂ ಇದೆಯಲ್ಲ. ನಾಳೆ ಬೆಳಿಗ್ಗೆ ಗಾಡಿ ತಣ್ಣಗಿರುವಾಗ ಒಮ್ಮೆ ಬಿಚ್ಚಿ ನೋಡಿ.