ಉಪ್ಪು ತಿಂದವರೂ ನೀರೂ

“ಉಪ್ಪು ತಿಂದವನು ನೀರು ಕುಡಿಯಲೇಬೇಕು” ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ತಪ್ಪು ಮಾಡಿದವನನ್ನು ಕುರಿತು ಆಡುತ್ತೇವೆ. ಅದನ್ನು ವಾಚ್ಯಾರ್ಥದಲ್ಲಿಯೇ ಗ್ರಹಿಸಬೇಕಾದವರೂ ಇದ್ದಾರೆ. ಅವರು ರಂಜಾನ್ ತಿಂಗಳಿನಲ್ಲಿ ಉಪವಾಸ ಹಿಡಿಯುವವರು. ಬೆಳಗಿನ ಜಾವ ಸಹರಿಯ ಊಟ ಮುಗಿಸಿ ಎದ್ದರೆ, ಸೂರ್ಯ ಮುಳುಗಿ ಇಫ್ತಾರಿನ ಹೊತ್ತಾಗುವವರೆಗೆ ಒಂದು ಗುಟುಕು ನೀರೂ ಇಲ್ಲ. ನಮ್ಮ ಬೆಂಗಳೂರಿನಲ್ಲಿ ಈ ಅವಧಿ, ಋತುವಿಗೆ ತಕ್ಕಂತೆ, ಸುಮಾರು ಹನ್ನೆರಡೂವರೆಯಿಂದ ಹದಿನಾಲ್ಕು ಗಂಟೆ.

ಈ ದೀರ್ಘ ನಿರ್ಜಲವನ್ನು ಎದುರಿಸಲು ಸಹರಿಯ ಹೊತ್ತಿಗೆ ಓ.ಆರ್.ಎಸ್. ಪುಡಿಯನ್ನು ನೀರಿಗೆ ಬೆರೆಸಿ ಕುಡಿಯುವವರುಂಟು. ನೆರೆಮನೆಯ ಹಿರಿಯರೊಬ್ಬರು, ಅರವತ್ತು ದಾಟಿದವರು, ರಕ್ತದೊತ್ತಡಕ್ಕೆಂದು ನಿತ್ಯ ಮಾತ್ರೆ ನುಂಗುವವರು, “ಇದರಲ್ಲಿ ಎಲೆಕ್ಟ್ರೋಲೈಟ್ ಇದೆಯಂತೆ ಮೇಷ್ಟ್ರೇ, ದಿನವೆಲ್ಲಾ ಬಾಯಾರುವುದಿಲ್ಲ” ಎಂದು ಅದರ ಗುಣಗಾನ ಮಾಡಿದರು. ಈ ಪದವನ್ನು ಪಠ್ಯಪುಸ್ತಕದವರು ‘ವಿದ್ಯುದ್ವಿಭಾಜ್ಯ’ ಎಂದು ಕನ್ನಡಿಸಿದ್ದಾರೆ. ಅದನ್ನು ಉಚ್ಚರಿಸುವಷ್ಟರಲ್ಲಿಯೇ ಗಂಟಲು ಒಣಗುತ್ತದೆ! ಅರ್ಥ ಮಾತ್ರ ಸರಳ: ಸೋಡಿಯಂ, ಪೊಟ್ಯಾಸಿಯಂ ಮೊದಲಾದ ಲವಣಾಂಶಗಳು, ರಕ್ತದಲ್ಲಿ ಕರಗಿ, ನರ, ಸ್ನಾಯು, ಹೃದಯಗಳನ್ನು ನಡೆಸುವಂಥವು.

ಆದರೆ ಉಪವಾಸದವನ ದೇಹದಲ್ಲಿ ನಿಜವಾಗಿ ಕೊರತೆಯಾಗುವುದು ಯಾವುದು? ಉಸಿರು, ಬೆವರು, ಮೂತ್ರಗಳಲ್ಲಿ ಹೋಗುವುದು ಬಹುಪಾಲು ನೀರೇ. ಬೆವರಿನಲ್ಲಿ ಉಪ್ಪಿದ್ದರೂ ಅದು ರಕ್ತಕ್ಕಿಂತ ಸಪ್ಪೆ. ಆದ್ದರಿಂದ ಬಾಯಾರಿದವನ ರಕ್ತದಲ್ಲಿ ಉಪ್ಪು ಸಾಮಾನ್ಯವಾಗಿ ಕಡಿಮೆಯಾಗಿರುವುದಿಲ್ಲ. ನೀರು ಇಳಿದು ಉಪ್ಪು ದಟ್ಟವಾಗಿರುತ್ತದೆ. ಆ ದಟ್ಟಣೆಯನ್ನು ಮಿದುಳು ಗುರುತಿಸಿ, ವ್ಯಾಸೊಪ್ರೆಸ್ಸಿನ್ ಎಂಬ ಹಾರ್ಮೋನನ್ನು ಬಿಡುಗಡೆ ಮಾಡಿಸುತ್ತದೆ. ಮೂತ್ರಪಿಂಡಗಳು ಜಿಪುಣ ಗೃಹಸ್ಥನಂತೆ ನೀರನ್ನು ಹಿಡಿದಿಡತೊಡಗುತ್ತವೆ. ಆರೋಗ್ಯವಂತನಲ್ಲಿ ಲೀಟರೊಂದಕ್ಕೆ 135ರಿಂದ 145 ಮಿಲಿಮೋಲ್‌ಗಳಷ್ಟು ಸೋಡಿಯಂ ಹೀಗೆಯೇ ಕಾಪಾಡಲ್ಪಡುತ್ತದೆ. ಅಂಥವನು ಬೆಳಗಿನ ಜಾವವೇ ಹೆಚ್ಚುವರಿ ಉಪ್ಪನ್ನು ನುಂಗಿದರೆ ಬಾಯಾರಿಕೆಯನ್ನು ತಾನಾಗಿಯೇ ಮನೆಗೆ ಕರೆತಂದಂತಾಯಿತು. ಸಹರಿಯ ತಟ್ಟೆಯಲ್ಲಿನ ಉಪ್ಪಿನಕಾಯಿ, ಹಪ್ಪಳಗಳಿಗೂ ಈ ಮಾತು ಸಲ್ಲುತ್ತದೆ.

ಓ.ಆರ್.ಎಸ್. ಅನ್ನು ನಾನು ಹಳಿಯುತ್ತಿಲ್ಲ. 1971ರಲ್ಲಿ ಪೂರ್ವ ಬಂಗಾಳದ ನಿರಾಶ್ರಿತರು ಬನಗಾಂವ್ ಶಿಬಿರದಲ್ಲಿ ಕಾಲರಾಕ್ಕೆ ತುತ್ತಾಗುತ್ತಿದ್ದಾಗ, ಡಾ. ದಿಲೀಪ್ ಮಹಲನಬೀಸ್ ಅವರು ಉಪ್ಪು ಸಕ್ಕರೆಯ ಈ ನೀರಿನಿಂದಲೇ ಅಸಂಖ್ಯ ಜೀವಗಳನ್ನು ಉಳಿಸಿದರು. ಅದು ಭೇದಿಯಲ್ಲಿ ಉಪ್ಪೂ ನೀರೂ ಒಟ್ಟಿಗೆ ಹರಿದುಹೋದವರ ಮದ್ದು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ತಯಾರಿಸಿದ ಒಂದು ಲೀಟರ್ ದ್ರಾವಣದಲ್ಲಿನ ಸೋಡಿಯಂ ಸುಮಾರು 4.4 ಗ್ರಾಂ ಅಡಿಗೆ ಉಪ್ಪಿಗೆ ಸಮ. ಅದೇ ಸಂಸ್ಥೆ ವಯಸ್ಕನೊಬ್ಬನಿಗೆ ಇಡೀ ದಿನಕ್ಕೆ ಹೇಳುವ ಮಿತಿ 5 ಗ್ರಾಂಗಿಂತ ಕಡಿಮೆ. ಭೇದಿಯಿಲ್ಲದ ರಕ್ತದೊತ್ತಡದ ರೋಗಿ ಮೂವತ್ತು ದಿನವೂ ಇದನ್ನು ಕುಡಿದರೆ ಆಗುವ ಅನಾಹುತವನ್ನು ಊಹಿಸಲು ವೈದ್ಯಶಾಸ್ತ್ರ ಓದಿರಬೇಕಾಗಿಲ್ಲ. ಇನ್ನು ಓ.ಆರ್.ಎಸ್. ಎಂಬ ಹೆಸರು ಹೊತ್ತ ಸಿಹಿ ಪಾನೀಯಗಳೂ ಅಂಗಡಿಗಳಲ್ಲಿ ಮೆರೆಯುತ್ತಿದ್ದವು; 2025ರ ಅಕ್ಟೋಬರಿನಲ್ಲಿ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವು ಆ ಸೂತ್ರಕ್ಕೆ ಹೊಂದದ ಪಾನೀಯಗಳಿಗೆ ಆ ಹೆಸರು ಕೂಡದೆಂದು ಆಜ್ಞಾಪಿಸಿತು.

ಪೊಟ್ಯಾಸಿಯಂನ ಕಥೆ ಇನ್ನೂ ಸೂಕ್ಷ್ಮವಾದುದು. ರಕ್ತದಲ್ಲಿ ಅದರ ಪ್ರಮಾಣ ಸುಮಾರು 3.5ರಿಂದ 5 ಮಿಲಿಮೋಲ್. ಅಲ್ಲಿಂದ ಬಹಳ ಏರಿದರೂ ಇಳಿದರೂ ಹೃದಯ ತಾಳ ತಪ್ಪುತ್ತದೆ. ಇಫ್ತಾರಿನ ಖರ್ಜೂರದಲ್ಲಿ, ನೂರು ಗ್ರಾಂಗೆ ಸುಮಾರು 650 ಮಿಲಿಗ್ರಾಂ ಪೊಟ್ಯಾಸಿಯಂ ಇದೆ. ಎಳನೀರು, ಬಾಳೆಹಣ್ಣುಗಳಲ್ಲಿಯೂ ಅದು ಧಾರಾಳ. ಆರೋಗ್ಯವಂತನಿಗೆ ಇವು ಅಮೃತಸಮಾನ. ಬೇರಾವ ಪುಡಿಯೂ ಬೇಡ. ಮೂತ್ರಪಿಂಡ ಸೋತವನಿಗೆ ಇವೇ ಅಪಾಯ. ರಾಮಿಪ್ರಿಲ್, ಟೆಲ್ಮಿಸಾರ್ಟಾನ್, ಸ್ಪೈರೊನೊಲ್ಯಾಕ್ಟೋನ್ ಮುಂತಾದ ಔಷಧಗಳೂ ಪೊಟ್ಯಾಸಿಯಂ ಅನ್ನು ಏರಿಸಬಲ್ಲವು. ‘ಕಡಿಮೆ ಸೋಡಿಯಂ’ ಎಂದು ಮಾರುವ ಉಪ್ಪಿನಲ್ಲಿ ಸೋಡಿಯಂನ ಜಾಗವನ್ನು ಬಹುಮಟ್ಟಿಗೆ ತುಂಬಿರುವುದು ಪೊಟ್ಯಾಸಿಯಮ್ಮೇ. ಈ ವಿಷಯವನ್ನು ಎಷ್ಟು ಗೃಹಿಣಿಯರಿಗೆ ಯಾರು ತಿಳಿಸಿದ್ದಾರೆ? ಮೂತ್ರ ಹೆಚ್ಚಿಸುವ ಮಾತ್ರೆಯವರಲ್ಲಿಯಾದರೋ ಸೋಡಿಯಂ, ಪೊಟ್ಯಾಸಿಯಂಗಳು ಇಳಿದುಹೋಗುವ ಭಯ. ಅಂಥವರು ರಂಜಾನಿಗೆ ಒಂದೆರಡು ತಿಂಗಳು ಮೊದಲೇ ವೈದ್ಯರನ್ನು ಕಂಡು, ರಕ್ತ ಪರೀಕ್ಷೆ ಮಾಡಿಸಿ, ಯಾವ ಮಾತ್ರೆಯನ್ನು ಇಫ್ತಾರಿಗೆ, ಯಾವುದನ್ನು ಸಹರಿಗೆ ತೆಗೆದುಕೊಳ್ಳಬೇಕೆಂದು ಕೇಳಿಕೊಳ್ಳುವುದು ಕ್ಷೇಮ. ತಾವಾಗಿಯೇ ಮಾತ್ರೆ ನಿಲ್ಲಿಸುವುದು ಸಲ್ಲದು.

ಬಿಸಿಲಿನ ವಿಷಯವೇ ಬೇರೆ. 2015ರ ಜೂನ್ ತಿಂಗಳಿನಲ್ಲಿ, ರಂಜಾನಿನ ಆರಂಭದ ದಿನಗಳಲ್ಲಿ, ಕರಾಚಿ ನಗರದ ತಾಪ 45 ಡಿಗ್ರಿಯ ಸಮೀಪಕ್ಕೆ ಏರಿ ಸಾವಿರಕ್ಕೂ ಮಿಕ್ಕಿ ಜನರು ಸತ್ತರು. ವಿದ್ಯುತ್ತು ಕೈಕೊಟ್ಟಿತ್ತು, ವೃದ್ಧರೂ ಬೀದಿಯಲ್ಲಿ ದುಡಿಯುವವರೂ ಬಲಿಯಾದರು. ಅಂಥ ಬಿಸಿಲಿನಲ್ಲಿ ತಲೆಸುತ್ತು, ಮಾತಿನ ತೊದಲು, ಮಂಪರು ಕಂಡ ಮೇಲೆ ಮುಂಜಾವಿನಲ್ಲಿ ಕುಡಿದ ಯಾವ ಲವಣವೂ ಕಾಪಾಡಲಾರದು. ನೆರಳಿಗೆ ಒಯ್ದು ಮೈ ತಂಪು ಮಾಡಿ ಆಸ್ಪತ್ರೆಗೆ ಸೇರಿಸಬೇಕು. ಎಚ್ಚರವಿದ್ದರೆ ನೀರು ಕುಡಿಸಬೇಕು, ಎಂದರೆ ಉಪವಾಸ ಮುರಿಯಬೇಕು. ಕುರಾನಿನ ಎರಡನೆಯ ಅಧ್ಯಾಯದ 184 ಮತ್ತು 185ನೆಯ ವಚನಗಳು ರೋಗಿಗೂ ಪ್ರಯಾಣಿಕನಿಗೂ ಬೇರೆ ದಿನಗಳಲ್ಲಿ ಆ ಲೆಕ್ಕ ತುಂಬಿಕೊಳ್ಳುವ ಅವಕಾಶವನ್ನು ಕೊಟ್ಟಿವೆ. ಧರ್ಮವೇ ಕೊಟ್ಟ ಈ ರಿಯಾಯಿತಿಯನ್ನು ಮನೆಯ ಹಿರಿಯರು ಮಾತ್ರ ಹಠದಿಂದ ಬೇಡವೆನ್ನುತ್ತಾರೆ. ಕಲಬುರಗಿ, ರಾಯಚೂರುಗಳ ಬೇಸಿಗೆಯನ್ನು ಬಲ್ಲವರಿಗೆ ಈ ಹಠದ ಬೆಲೆ ತಿಳಿದೀತು.

ಹಾಗಾದರೆ ದಿನವೆಲ್ಲಾ ಬೆವರಿಳಿಸಿ ದುಡಿದವನಿಗೆ ಉಪ್ಪು ಬೇಡವೇ? ಬೇಕು, ಆದರೆ ಇಫ್ತಾರಿನಲ್ಲಿ, ನೀರಿನ ಜೊತೆಗೆ, ಊಟದ ರೂಪದಲ್ಲಿ. ಒಂದೆರಡು ಖರ್ಜೂರ, ಗಂಜಿ, ಮಜ್ಜಿಗೆ, ಬೇಳೆಯ ಸಾರು ಅವನ ನಷ್ಟವನ್ನು ಸಾಮಾನ್ಯವಾಗಿ ತುಂಬಿಕೊಡುತ್ತವೆ. ಶಿವಾಜಿನಗರದ ಬೀದಿಗಳಲ್ಲಿ ಸಂಜೆ ಘಮಘಮಿಸುವ ಸಮೋಸ, ಹಲೀಮುಗಳ ಮೇಲೆ ನನಗೇನೂ ದ್ವೇಷವಿಲ್ಲ. ಅವುಗಳಲ್ಲಿ ಉಪ್ಪು ಈಗಾಗಲೇ ಸಾಕಷ್ಟು ಇದೆ ಎಂಬುದಷ್ಟೇ ನೆನಪಿರಲಿ. ನೀರನ್ನೂ ಒಮ್ಮೆಗೇ ಕೊಡಗಟ್ಟಲೆ ಸುರಿದುಕೊಳ್ಳಬಾರದು: ಸಹರಿಯಲ್ಲಿ ಗಟಗಟನೆ ಕುಡಿದುದರಲ್ಲಿ ಹೆಚ್ಚಿನ ಭಾಗ ಗಂಟೆಯೆರಡರಲ್ಲಿ ಮೂತ್ರವಾಗಿ ಹೋಗುತ್ತದೆ. ಹೃದಯ, ಮೂತ್ರಪಿಂಡಗಳ ತೊಂದರೆಯಿಂದ ವೈದ್ಯರು ನೀರಿಗೇ ಮಿತಿ ಹಾಕಿರದಿದ್ದರೆ, ಇಫ್ತಾರಿನಿಂದ ಸಹರಿಯವರೆಗೆ ಸುಮಾರು ಎರಡು ಲೀಟರನ್ನು, ತರಾವೀಹ್ ನಮಾಜಿಗೆ ಮೊದಲೊಂದಿಷ್ಟು, ಅನಂತರವೊಂದಿಷ್ಟು ಎಂದು ಹಂಚಿಕೊಂಡು ಕುಡಿಯುವುದು ಲೇಸು.