ಬಣ್ಣ ಆಮೇಲೆ, ಬಾಯ್ಲರ್ ಮೊದಲು

1980ರ ದಶಕದ ಸೆಕೆಂಡ್‌ಹ್ಯಾಂಡ್ ಮಾಮೋಡ್ ಸ್ಟೀಮ್ ಇಂಜಿನ್ ಒಂದು ಮುಂಬೈಯ ನಮ್ಮ ಮನೆ ಸೇರಿದೆ. ಹಳಿಯ ಅಗಲ 32 ಮಿ.ಮೀ. ನಮ್ಮ ಮಾಥೇರಾನ್ ರೈಲಿನ ಎರಡಡಿ ಹಳಿಯನ್ನು ಅಡಿಗೆ 16 ಮಿ.ಮೀ. ಲೆಕ್ಕದಲ್ಲಿ ಕುಗ್ಗಿಸಿದರೆ ಇಷ್ಟೇ!

"ಬಣ್ಣ ಹೊಡೆದು ಗ್ಯಾಸ್ ಬರ್ನರ್ ಹಾಕೋಣಪ್ಪಾ" ಅಂದ ಮಗ. ನಾನು ಒಪ್ಪಲಿಲ್ಲ. ಬ್ಯಾಂಕಿನವನು ನೋಡಿ, ಜಾಮೀನು ಪರಿಶೀಲಿಸದೆ ಸಾಲ ಕೊಡುವವನಲ್ಲ. ಬಾಯ್ಲರಿಗೆ ತಣ್ಣೀರು ತುಂಬಿ, ಓಡುವಾಗಿನ ಒಂದೂವರೆ ಪಟ್ಟು ಒತ್ತಡಕ್ಕೆ ಪಂಪ್ ಮಾಡಿದೆವು. ಬೆಸುಗೆ ಬಿಟ್ಟರೆ ಹಬೆ ಸಿಡಿದೀತು, ತಣ್ಣೀರು ಬರೀ ಸೋರುತ್ತದೆ. ಸೋರಿಯೇಬಿಟ್ಟಿತು! ಬಣ್ಣದಡಿ ಮುಚ್ಚಿಹೋಗಿದ್ದರೆ?

ಈಗ ಬೆಸುಗೆ, ಮತ್ತೊಂದು ಪರೀಕ್ಷೆ, ಹೊಸ ಸೇಫ್ಟಿ ವಾಲ್ವ್. ಬರ್ನರ್ ಆಮೇಲೆ. ತೆಗೆದ ಹಳೆಯ ಭಾಗಗಳೆಲ್ಲ ಡಬ್ಬಿಯಲ್ಲಿ ಭದ್ರವಾಗಿವೆ. ಸುಧಾರಣೆಯ ಹೆಸರಲ್ಲಿ ಹಳೆಯದನ್ನು ಎಸೆಯಬಾರದು. ಏನಂತೀರಿ?